ಹಳದಿ ಕಣ್ಣಿನ ಮನೆ

೧೪ ಜೂನ್ ೧೯೫೯, ಭಾನುವಾರ. ಕತ್ರಿಗುಪ್ಪೆ

ಈ ದಿನ ಮೂವತ್ತೊಂದು ಜನ. ಹೋದ ವಾರಕ್ಕಿಂತ ಏಳು ಹೆಚ್ಚು. ಕಾಮಾಲೆಗೆ ಔಷಧಿ ಕೊಡುವ ಮನೆ ಎಲ್ಲಿ ಎಂದು ಬನಶಂಕರಿ ಗುಡಿಯ ಹತ್ತಿರ ಯಾರನ್ನು ಕೇಳಿದರೂ ನಮ್ಮ ಬಾಗಿಲು ತೋರಿಸುತ್ತಾರೆ. ತಾತನ ಕಾಲದಿಂದ ನಡೆದುಬಂದ ಕೆಲಸ. ಮೂರು ಭಾನುವಾರ, ಸೂರ್ಯ ಹುಟ್ಟುವ ಮೊದಲು, ಬರಿಹೊಟ್ಟೆಯಲ್ಲಿ, ಗಜ್ಜುಗದ ಗಾತ್ರದ ಸೊಪ್ಪಿನ ಉಂಡೆ, ಮೇಲೆ ಒಂದು ಲೋಟ ಮಜ್ಜಿಗೆ. ಇಪ್ಪತ್ತೊಂದು ದಿನ ಊಟಕ್ಕೆ ಉಪ್ಪಿಲ್ಲ, ಎಣ್ಣೆಯಿಲ್ಲ, ಖಾರವಿಲ್ಲ. ಕಾಸು ಮುಟ್ಟುವಂತಿಲ್ಲ. ಬಂದವರೆಲ್ಲ ಹೋಗುವವರೆಗೆ ಕೊಡುವವನು ನೀರೂ ಕುಡಿಯುವಂತಿಲ್ಲ. ಸೊಪ್ಪನ್ನು ಈ ಮನೆಯಲ್ಲಿ ಹುಟ್ಟಿದವರೇ ಕಿತ್ತು ಅರೆಯಬೇಕು, ಸೊಸೆಯಂದಿರು ಮುಟ್ಟಬಾರದು. ಹಾಗಾಗಿ ನಾನೂ ನನ್ನ ಅಕ್ಕ ಮುನಿವೆಂಕಟಮ್ಮನೂ ಅರೆಯುತ್ತೇವೆ. ಹೆಂಡತಿ ಗೌರಿ ಮದುವೆಯಾದ ಈ ಹದಿನೇಳು ವರ್ಷವೂ ಕಲ್ಲು ತೊಳೆದುಕೊಡುತ್ತಿದ್ದಾಳೆ. ಸೊಪ್ಪಿನ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ.

ಬೊಮ್ಮನಹಳ್ಳಿಯ ತಿಮ್ಮರಾಯಪ್ಪನಿಗೆ ಇವತ್ತು ಮೂರನೆಯ ಉಂಡೆ. ಬಂದಾಗ ಅರಿಸಿನದ ಕೊಂಬಿನಂತಿದ್ದವನು ಈಗ ಮನುಷ್ಯನ ಬಣ್ಣಕ್ಕೆ ಬಂದಿದ್ದಾನೆ. ಹಲಸಿನ ಹಣ್ಣು ಹೊತ್ತು ತಂದಿದ್ದ. ಬೇಡವೆಂದರೆ, "ಔಷಧಿಗಲ್ಲ ಮೇಷ್ಟ್ರೇ, ಚೂಡಮ್ಮಂಗೆ" ಎಂದು ಜಗಲಿಯ ಮೇಲಿಟ್ಟು, ಹೊಸಬರಿಗೆ ನನ್ನ ಕಣ್ಣು ತೋರಿಸಿದ. "ನೋಡ್ರಪ್ಪ, ನಮ್ಮ ಹಳದೀನೆಲ್ಲ ಇವ್ರು ಎಳ್ಕೊಂಡವ್ರೆ. ಅದಕ್ಕೇ ಈ ಮನೆಯೋರ ಕಣ್ಣು ಹಿಂಗಿರೋದು."

ಜನ ಹೀಗೆ ಹೇಳುವುದು ಇವತ್ತಿನದಲ್ಲ. ತಾತನ ಕಣ್ಣು ಹಳದಿ, ಅಪ್ಪನದು ಹಳದಿ, ಅಕ್ಕನದೂ ನನ್ನದೂ ಹಳದಿ. ಒಬ್ಬಳೇ ಮಗಳು ಚೂಡಾಮಣಿಯದು ಎಲ್ಲರಿಗಿಂತ ಹೆಚ್ಚು. ನಾನು ಪ್ರೀತಿಯಿಂದ ಇಟ್ಟ ಹೆಸರನ್ನು ಊರು ಚೂಡಿ ಎಂದು ಮೊಟಕು ಮಾಡಿದೆ. ಹತ್ತು ವರ್ಷದ ಹುಡುಗಿ. ಮನೆತನದ ಕೈಗುಣ ಅವಳಿಗೇ ಬರುವುದು ಎಂದು ಅಕ್ಕನ ನಂಬಿಕೆ. ನನ್ನದೂ.

೧೭ ಜೂನ್, ಬುಧವಾರ

ಮಲೇರಿಯಾ ಇಲಾಖೆಯವರು ಶಾಲೆಗೆ ಬಂದಿದ್ದರು. ಎರಡು ಬೆಂಚು ಜೋಡಿಸಿ, ಮಕ್ಕಳನ್ನು ಒಬ್ಬೊಬ್ಬರಾಗಿ ಮಲಗಿಸಿ, ಎಡ ಪಕ್ಕೆಯ ಕೆಳಗೆ ಬೆರಳಿಟ್ಟು "ಉಸಿರು ಎಳ್ಕೋ, ಬಿಡು" ಎನ್ನುತ್ತಿದ್ದರು. ಮಲೇರಿಯಾ ಜ್ವರ ಬಂದ ಮಕ್ಕಳಿಗೆ ಅಲ್ಲಿ ಗುಲ್ಮ ಊದಿಕೊಂಡು ಕೈಗೆ ಸಿಗುತ್ತದಂತೆ. ನಮ್ಮ ಹಳ್ಳಿಯ ಕಡೆ ಜ್ವರಗಡ್ಡೆ ಎನ್ನುವುದು ಅದನ್ನೇ. ಮಕ್ಕಳು ಕಚಗುಳಿಯಾಗಿ ನಕ್ಕು ಹೊರಳಾಡಿದರು. ನನ್ನ ಬೆತ್ತಕ್ಕೂ ಬೆಲೆ ಇರಲಿಲ್ಲ.

ನಲವತ್ತಾರು ಮಕ್ಕಳಲ್ಲಿ ನಲವತ್ತೈದು ಜನಕ್ಕೆ ಏನೂ ಇಲ್ಲ. ಚೂಡಿಯ ಹೊಟ್ಟೆಯ ಮೇಲೆ ಒತ್ತಿ ನೋಡುತ್ತಿದ್ದವನ ಕೈ ನಿಂತಿತು. ಪಕ್ಕೆಯಿಂದ ಕೆಳಕ್ಕೆ ಅಳೆದು, "ನಾಲ್ಕು ಬೆರಳು" ಎಂದು ಬರೆದುಕೊಳ್ಳುವವನಿಗೆ ಹೇಳಿದ. "ಯಾರ ಮಗು ಇದು?" ಇಡೀ ತರಗತಿ ಒಟ್ಟಿಗೆ "ಮೇಷ್ಟ್ರ ಮಗಳು!" ಎಂದು ಕೂಗಿತು. ಮಗ್ಗಿಯನ್ನು ಒಂದು ದಿನವೂ ಹೀಗೆ ಒಟ್ಟಿಗೆ ಹೇಳಿದವರಲ್ಲ.

ಹಲಸಿನ ಹಣ್ಣು ತಿಂದು ಉಬ್ಬರಿಸಿದೆ ಎಂದೆ. "ಹಲಸಿನ ಹಣ್ಣು ಎಡಗಡೆ ಮಾತ್ರ ಕೂರುತ್ತಾ ಸಾರ್?" ಎಂದ. ಅವಳ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದುಕೊಂಡು ಹೋದರು. ಚೂಡಿ ಅಳಲಿಲ್ಲ. ನನಗೇ ನಾಚಿಕೆಯಾಯಿತು.

೨೧ ಜೂನ್, ಭಾನುವಾರ

ಚೂಡಿಯ ಕಣ್ಣಿನ ಹಳದಿ ಮತ್ತೆ ಏರಿದೆ. ಬಂದವರ ಸಾಲಿನಲ್ಲಿ ಅವಳನ್ನೂ ಕೂರಿಸಿ ಉಂಡೆ ನುಂಗಿಸಿದೆ. ಹೊಟ್ಟೆಯ ಗಡ್ಡೆಯೂ ಇದರಲ್ಲೇ ಕರಗಬೇಕು. ಇವತ್ತಿನಿಂದ ಪಥ್ಯ.

ಮಧ್ಯಾಹ್ನ ತಟ್ಟೆಯ ಮುಂದೆ ಕೂತು, "ಅಪ್ಪಾ, ಸಾರಿಗೆ ಒಂದೇ ಒಂದು ಕಲ್ಲು ಉಪ್ಪು. ಯಾರಿಗೂ ಹೇಳಲ್ಲ" ಎಂದಳು. ಮೇಷ್ಟ್ರ ಮಗಳು ಹೀಗೆ ಕೇಳಬಾರದು ಎಂದೆ. ಗೌರಿ ಅಡಿಗೆಮನೆಯಿಂದಲೇ, "ಎರಡು ವರ್ಷದಲ್ಲಿ ಐದನೇ ಸಲ ರೀ. ಊರೋರಿಗೆಲ್ಲ ಒಂದೇ ಸಲಕ್ಕೆ ಇಳಿಯುತ್ತೆ. ಇವಳಿಗ್ಯಾಕೆ ಮತ್ತೆ ಮತ್ತೆ ಬರುತ್ತೆ?" ಎಂದಳು. ಬಿಳೇಕಹಳ್ಳಿಯಿಂದ ಬಂದವಳಿಗೆ ಈ ಮನೆಯ ವಿಷಯ ತಿಳಿಯದು ಎಂದು ಹೇಳಿದೆ.

೩೦ ಜೂನ್, ಮಂಗಳವಾರ

ಇಲಾಖೆಯ ಕಾರ್ಡು ಬಂತು. ರಕ್ತದಲ್ಲಿ ಮಲೇರಿಯಾ ಇಲ್ಲ, ವೈದ್ಯರಿಗೆ ತೋರಿಸತಕ್ಕದ್ದು. ನೋಡು, ಏನೂ ಇಲ್ಲವಂತೆ ಎಂದು ಗೌರಿಗೆ ಓದಿ ಹೇಳಿದೆ. ಅವಳು ಒಲೆ ಊದುತ್ತ, "ತೋರಿಸಾಯ್ತು" ಎಂದಳು.

ನಿನ್ನೆ ನಾನು ಶಾಲೆಯಲ್ಲಿದ್ದಾಗ ಮಗುವನ್ನು ನಡೆಸಿಕೊಂಡು ಜಯನಗರದ ಮೂರನೇ ಬ್ಲಾಕಿನ ತನಕ ಹೋಗಿ ಡಾಕ್ಟರ್ ಬದರಿನಾಥರಿಗೆ ತೋರಿಸಿ ಬಂದಿದ್ದಾಳೆ! ಕಾಮಾಲೆ ಔಷಧಿಯ ಗಂಗಾಧರಯ್ಯನ ಮಗಳು ಡಾಕ್ಟರ ಬೆಂಚಿನ ಮೇಲೆ. ಯಾರು ಯಾರು ನೋಡಿದರೋ. ಬಹಳ ಕೂಗಾಡಿದೆ. ಅಕ್ಕನೂ ನನ್ನ ಕಡೆಯೇ. ಗೌರಿ ಎಲ್ಲ ಕೇಳಿಸಿಕೊಂಡು, "ಶನಿವಾರ ನೀವೂ ಬರಬೇಕಂತೆ" ಎಂದಳು.

೪ ಜುಲೈ, ಶನಿವಾರ

ಬೈದು ಬರಬೇಕೆಂದೇ ಹೋದೆ. ಶಾಲೆ ಅರ್ಧ ದಿನ, ಸೈಕಲ್ಲಿನ ಕ್ಯಾರಿಯರಿನಲ್ಲಿ ಚೂಡಿ. ಆ ಬಡಾವಣೆಯಲ್ಲಿ ಮನೆಗಳಿಗಿಂತ ಅಳತೆ ಕಲ್ಲುಗಳೇ ಹೆಚ್ಚು. ಡಾಕ್ಟರು ಬಸವನಗುಡಿಯ ಹಳೆಯ ಮನೆತನದವರು, ನನ್ನದೇ ವಯಸ್ಸು, ನಿಧಾನದ ಮನುಷ್ಯ.

"ನೀವು ಕೊಡೋ ಔಷಧಿ ನೆಲನೆಲ್ಲಿ ತಾನೇ ಮೇಷ್ಟ್ರೇ? ನಮ್ಮಜ್ಜೀನೂ ಕೊಡ್ತಿದ್ರು" ಎಂದರು. ಮೂರು ತಲೆಮಾರಿನಿಂದ ಕಾಪಾಡಿದ ಗುಟ್ಟು ಅವರ ಅಜ್ಜಿಗೂ ಗೊತ್ತಿತ್ತು! ಬೈಯಬೇಕೆಂದುಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಸೊಪ್ಪಿನಿಂದ ಕೆಡುಕೇನಿಲ್ಲ. ಎಷ್ಟೋ ಕಾಮಾಲೆ ಪಥ್ಯ ಮಾಡಿ ಮಲಗಿದ್ರೆ ತಾನಾಗೇ ಇಳಿಯುತ್ತೆ. ಆದ್ರೆ ಈ ಮಗೂದು ಆ ಕಾಮಾಲೆ ಅಲ್ಲ" ಎಂದರು. ಗಾಜಿನ ಮೇಲೆ ಸವರಿದ್ದ ಅವಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. "ರಕ್ತದ ಕಣ ನಿಪ್ಪಟ್ಟಿನ ಥರ ಚಪ್ಪಟೆ ಇರ್ಬೇಕು. ಇವಳದು ನೋಡಿ, ಗುಂಡಗೆ ಗೋಲಿ ಥರ. ಗುಲ್ಮ ಅನ್ನೋದು ಒಂದು ಜರಡಿ ಅಂದ್ಕೊಳ್ಳಿ. ಚಪ್ಪಟೆ ಕಣ ಬಗ್ಗಿ ತೂರ್ಕೊಂಡು ಹೋಗುತ್ತೆ, ಗುಂಡಗಿರೋದು ಸಿಕ್ಕಿಹಾಕ್ಕೊಳ್ಳುತ್ತೆ. ಸಿಕ್ಕಿದ್ದನ್ನೆಲ್ಲ ಗುಲ್ಮ ಒಡೆದುಹಾಕುತ್ತೆ. ಒಡೆದೂ ಒಡೆದೂ ಅದು ದಪ್ಪ ಆಗಿದೆ, ಮಗು ರಕ್ತ ಇಲ್ದೆ ಬಿಳಿಚ್ಕೊಂಡಿದೆ. ಒಡೆದ ರಕ್ತದ ಬಣ್ಣವೇ ಕಣ್ಣಲ್ಲಿರೋ ಹಳದಿ."

ಆಮೇಲೆ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ, "ನಿಮ್ಮ ಕಣ್ಣು ಎಷ್ಟು ದಿನದಿಂದ ಹೀಗಿದೆ?" ಎಂದರು. ಹುಟ್ಟಿನಿಂದ, ನಮ್ಮ ಮನೆಯವರೆಲ್ಲರದೂ ಹೀಗೆಯೇ ಎಂದು ಹೆಮ್ಮೆಯಿಂದಲೇ ಹೇಳಿದೆ. "ಮಲಕ್ಕೊಳ್ಳಿ" ಎಂದರು. ಅಂಗಿ ಎತ್ತಿ ನಾನೂ ಮಲಗಿದೆ. ಚೂಡಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ನನಗೆ ಎರಡು ಬೆರಳು.

೫ ಜುಲೈ, ಭಾನುವಾರ

ಇಪ್ಪತ್ತೆಂಟು ಜನ. ಮೇಷ್ಟ್ರ ಕಣ್ಣು ನೋಡಿ ಎಂದು ಯಾರೋ ಹೇಳುತ್ತಿದ್ದರು. ತಲೆ ಎತ್ತಲಿಲ್ಲ.

೧೩ ಜುಲೈ, ಸೋಮವಾರ

ರಜೆ ಹಾಕಿ ಮೂವರೂ ದೊಡ್ಡಾಸ್ಪತ್ರೆಗೆ ಹೋಗಿದ್ದೆವು. ಬದರಿನಾಥರೇ ಚೀಟಿ ಕೊಟ್ಟಿದ್ದರು. ಮೂವರಿಂದಲೂ ರಕ್ತ ತೆಗೆದರು. ಒಬ್ಬೊಬ್ಬರಿಗೆ ಒಂದು ಸಾಲು ಗಾಜಿನ ಕೊಳವೆ, ಸಾಲಿಗೆ ಹನ್ನೆರಡು. ಎಲ್ಲದರಲ್ಲೂ ಉಪ್ಪು ನೀರು. ಮೊದಲನೆಯದರಲ್ಲಿ ಉಪ್ಪು ಹೆಚ್ಚು, ಬರಬರುತ್ತ ಕಡಿಮೆ. ಒಂದೊಂದಕ್ಕೂ ಒಂದೊಂದು ಹನಿ ರಕ್ತ. ಗಟ್ಟಿ ಕಣ ಸಪ್ಪೆ ನೀರಿನಲ್ಲೂ ಬಹಳ ದೂರದವರೆಗೆ ತಾಳುತ್ತದೆ, ತಳಕ್ಕಿಳಿದು ಕೂರುತ್ತದೆ. ತಾಳದ ಕಣ ಬೇಗ ಒಡೆದು ನೀರೆಲ್ಲ ಕೆಂಪಾಗುತ್ತದೆ.

ಗೌರಿಯ ಸಾಲು ಕೊನೆಯ ಕೆಲವನ್ನು ಬಿಟ್ಟು ತಿಳಿಯಾಗಿತ್ತು. ಚೂಡಿಯದು ಅರ್ಧಕ್ಕೂ ಮೊದಲೇ ಕೆಂಪು. ನನ್ನದೂ ಅಲ್ಲಿಂದಲೇ ಕೆಂಪು. ಕಾಪಿ ಹೊಡೆದ ಇಬ್ಬರು ಹುಡುಗರ ಉತ್ತರ ಪತ್ರಿಕೆಯನ್ನು ಅಕ್ಕಪಕ್ಕ ಇಟ್ಟ ಹಾಗಿತ್ತು. ಚೂಡಿ ಬಗ್ಗಿ ನೋಡಿ, "ನಾನೂ ಅಪ್ಪಾನೂ ಒಂದೇ ಥರ!" ಎಂದು ಕುಣಿದಳು. ಗೌರಿ ನನ್ನ ಕೈ ಹಿಡಿದುಕೊಂಡಳು. ಜನರೆದುರು ಅವಳು ಹಾಗೆ ಮಾಡಿದ್ದು ಇದೇ ಮೊದಲು.

ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಉಪ್ಪಿದ್ದ ಕಡೆ ನನ್ನ ಮಗಳ ರಕ್ತ ನಿಂತಿದೆ, ಉಪ್ಪು ಕಡಿಮೆಯಾದ ಕಡೆ ಒಡೆದಿದೆ. ಐದು ಸಲ ಪಥ್ಯ, ಸಲಕ್ಕೆ ಇಪ್ಪತ್ತೊಂದು ದಿನ. ನೂರೈದು ದಿನ ನಾನೇ ಅವಳ ಉಪ್ಪು ಕಿತ್ತುಕೊಂಡಿದ್ದೇನೆ. ಒಂದು ಕಲ್ಲು ಕೇಳಿದ್ದಳು.

೧೬ ಜುಲೈ, ಗುರುವಾರ

ಮೂರು ದಿನದಿಂದ ಅವಳ ತಟ್ಟೆಗೆ ನಾನೇ ಬಡಿಸುತ್ತಿದ್ದೇನೆ. ಉಪ್ಪಿನಕಾಯಿ, ಉಪ್ಪು ಹಾಕಿದ ಹುರುಳಿಕಾಳು, ಮಜ್ಜಿಗೆ ಮೆಣಸಿನಕಾಯಿ. ಮೊದಲ ದಿನ ಖುಷಿಯಾಗಿ ತಿಂದಳು. ಇವತ್ತು ಅರ್ಧ ಬಿಂದಿಗೆ ನೀರು ಕುಡಿದು, "ಅಪ್ಪಾ, ಪಾಯಸಕ್ಕೂ ಹಾಕಿದೀಯ" ಎಂದಳು. ಹಾಕಿದ್ದೆ.

೧೭ ಜುಲೈ, ಶುಕ್ರವಾರ

ಬದರಿನಾಥರಿಗೆ ಉಪ್ಪಿನ ವಿಷಯ ಹೇಳಿದೆ. ನಗು ತಡೆದುಕೊಳ್ಳಲು ಹೋಗಿ ಕೆಮ್ಮಿದರು. ನನ್ನ ಮುಖ ನೋಡಿ ನಗು ಬಿಟ್ಟು ಪಕ್ಕಕ್ಕೆ ಬಂದು ಕೂತರು.

"ಗಾಜಿನ ಕೊಳವೆಯ ಉಪ್ಪೇ ಬೇರೆ, ಊಟದ ಉಪ್ಪೇ ಬೇರೆ ಮೇಷ್ಟ್ರೇ. ನೀವು ಪಥ್ಯ ಮಾಡ್ಸಿದ್ದಕ್ಕೆ ಹೀಗಾಗಿಲ್ಲ. ಮಗು ಹುಟ್ಟುವಾಗಲೇ ತಂದಿರೋದು ಇದು."

"ನನ್ನಿಂದ" ಎಂದೆ.

"ನಿಮ್ಮಿಂದ. ನಿಮಗೆ ನಿಮ್ಮಪ್ಪನಿಂದ. ಯಾರೂ ಬೇಕೂಂತ ಕೊಟ್ಟಿದ್ದಲ್ಲವಲ್ಲ."

ಪರಿಹಾರ ಒಂದೇ ಅಂತೆ, ಆಪರೇಷನ್. ಗುಲ್ಮವನ್ನು ತೆಗೆದುಬಿಡುವುದು. ಕಣಗಳು ಗುಂಡಗೇ ಇರುತ್ತವೆ, ಆದರೆ ಒಡೆಯುವವರು ಇರುವುದಿಲ್ಲ. ಅದಿಲ್ಲದೆ ಮನುಷ್ಯ ಬದುಕುತ್ತಾನೆಯೇ ಎಂದು ಕೇಳಿದೆ. "ಬದುಕ್ತಾನೆ. ಒಂದೇ ಎಚ್ಚರಿಕೆ, ಜ್ವರ ಬಂದ್ರೆ ಸದರ ಮಾಡ್ಬಾರದು. ಅವತ್ತೇ ಕರ್ಕೊಂಡು ಬರ್ಬೇಕು, ಪೆನಿಸಿಲಿನ್ ಬೇಕಾಗುತ್ತೆ. ಇದು ಜೀವ ಇರೋವರೆಗೂ." ತೀರಾ ಚಿಕ್ಕ ಮಕ್ಕಳಿಗೆ ಮಾಡುವುದಿಲ್ಲವಂತೆ, ಇವಳಿಗೆ ಹತ್ತು ತುಂಬಿದೆ, ಮಾಡಬಹುದಂತೆ. ನನ್ನ ವಯಸ್ಸಿಗೆ, ಇಷ್ಟು ಸಣ್ಣಗಿರುವುದಕ್ಕೆ, ಅವಸರವಿಲ್ಲವಂತೆ. ನನ್ನ ವಿಷಯ ಯಾರಿಗೆ ಬೇಕಾಗಿತ್ತು?

ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಮಗುವಿನ ಹೊಟ್ಟೆಗೆ ಕತ್ತಿ ಹಾಕುವುದನ್ನು ಹೇಗೆ ಒಪ್ಪಲಿ?

೧೯ ಜುಲೈ, ಭಾನುವಾರ

ಜನ ಹೋದ ಮೇಲೆ ಅಕ್ಕನಿಗೆ ಆಪರೇಷನ್ನಿನ ವಿಷಯ ಹೇಳಿದೆ. ಅಕ್ಕ ಕಲ್ಲಿನ ಮುಂದಿನಿಂದ ಎದ್ದೇ ಬಿಟ್ಟಳು.

"ಹೊಟ್ಟೆ ಕುಯ್ಸಿ ಮಗೀನ ಕಳ್ಕೋತೀಯ ಕಣೋ ಗಂಗಾಧರ. ಅಪ್ಪ ಇದ್ದಿದ್ರೆ ಒಪ್ತಿದ್ನಾ? ನನ್ನ ಬೈರಣ್ಣನ್ನ ಆಸ್ಪತ್ರೆಗೆ ಕಳಿಸ್ಲಿಲ್ಲ ಅಪ್ಪ. ಕಳಿಸಿದ್ರೂ ಉಳೀತಿರ್ಲಿಲ್ಲ."

ಬೈರಣ್ಣ ಅಕ್ಕನ ಒಬ್ಬನೇ ಮಗ. ಗಂಡ ತೀರಿಕೊಂಡು ಮಗನೊಂದಿಗೆ ತವರಿಗೆ ಬಂದಿದ್ದಳು. ಎಂಟು ವರ್ಷದವನು, ಮುಖದ ತುಂಬ ಹಳದಿ, ಮುಂದಕ್ಕೆ ಬಂದ ಹೊಟ್ಟೆ. ಇಪ್ಪತ್ತಾರು ವರ್ಷದ ಹಿಂದೆ ಪ್ಲೇಗಿನ ಚುಚ್ಚುಮದ್ದು ಹಾಕಲು ಬಂದ ಡಾಕ್ಟರು ಅವನ ಹೊಟ್ಟೆ ಒತ್ತಿ ನೋಡಿ, ದೊಡ್ಡಾಸ್ಪತ್ರೆಗೆ ಕರೆತನ್ನಿ ಎಂದಿದ್ದರು. ಔಷಧಿ ಕೊಡುವ ಮನೆಯ ಮಗುವೇ ಆಸ್ಪತ್ರೆ ಮೆಟ್ಟಿಲು ಹತ್ತಿದರೆ ನಮ್ಮನ್ನು ಯಾರು ನಂಬುತ್ತಾರೆ ಎಂದು ಅಪ್ಪ ಬಿಡಲಿಲ್ಲ. ಬೈರಣ್ಣ ಸೊಪ್ಪು ಬೇಡವೆಂದು ಹಲ್ಲು ಕಚ್ಚುತ್ತಿದ್ದ. ಅಕ್ಕ ಅವನ ದವಡೆ ಹಿಡಿದು ಬಾಯಿ ತೆರೆಸುತ್ತಿದ್ದಳು, ನಾನು ಮಜ್ಜಿಗೆಯ ಲೋಟ ಹಿಡಿದು ನಿಂತಿರುತ್ತಿದ್ದೆ. ಇದನ್ನು ನಾನು ಎಲ್ಲಿಯೂ ಬರೆದಿರಲಿಲ್ಲ.

ಅಕ್ಕ ಅಷ್ಟು ಅಳುವುದನ್ನು ನೋಡಲಾಗದೆ, ದಸರಾ ಕಳೆಯಲಿ, ಆಮೇಲೆ ನೋಡೋಣ ಎಂದೆ. ಗೌರಿ ಬಾಗಿಲಲ್ಲಿ ನಿಂತಿದ್ದಳು. "ನಾನು ಈ ಮನೇಲಿ ಹುಟ್ಟಿಲ್ಲ, ನಿಜ. ಅವಳು ನನ್ನ ಹೊಟ್ಟೇಲಿ ಹುಟ್ಟಿದಾಳೆ ರೀ" ಎಂದಳು. ನಾನು ಶಾಲೆಯ ಹಾಜರಿ ಪುಸ್ತಕ ತಿದ್ದುತ್ತ ಕೂತೆ.

೨೯ ಜುಲೈ, ಬುಧವಾರ. ದೊಡ್ಡಾಸ್ಪತ್ರೆ

ಮೂರು ದಿನದಿಂದ ಸಣ್ಣ ಜ್ವರವಿತ್ತು. ಇವತ್ತು ಬೆಳಿಗ್ಗೆ ಬಿಟ್ಟಿದೆ ಎಂದು ಅವಳೇ ಹಟ ಮಾಡಿ ಶಾಲೆಗೆ ಬಂದಳು. ಪದ್ಯ ಓದಲು ಎದ್ದು ನಿಂತವಳು ಎರಡನೆಯ ಸಾಲಿಗೇ ಕುಸಿದು ಬಿದ್ದಳು. ತುಟಿಯಲ್ಲಿ ರಕ್ತವೇ ಇರಲಿಲ್ಲ. ಎತ್ತಿಕೊಂಡು ಓಡಿದೆ. ತ್ಯಾಗರಾಜನಗರದಲ್ಲಿ ಜಟಕಾ ಸಿಕ್ಕಿತು. ಗೌರಿ ಎಲ್ಲಿ ಬಂದು ಹತ್ತಿದಳೋ ನೆನಪಿಲ್ಲ. ಬದರಿನಾಥರು ರೋಗಿಗಳನ್ನು ಬಿಟ್ಟು ನಮ್ಮ ಜೊತೆಗೇ ಬಂದರು.

ಜ್ವರದಿಂದಾಗಿ ಹೊಸ ರಕ್ತ ತಯಾರಾಗುವುದೇ ನಿಂತಿದೆಯಂತೆ. ಇತ್ತ ಗುಲ್ಮ ಇದ್ದುದನ್ನು ಒಡೆಯುತ್ತಲೇ ಇದೆ. ಕೂಡಲೇ ರಕ್ತ ಕೊಡಬೇಕು. ನಾನು ಅಂಗಿಯ ತೋಳು ಮಡಿಸಿ ಮುಂದೆ ನಿಂತೆ. "ನಿಮ್ಮದು ಬೇಡ. ಅದೂ ಅಷ್ಟೇ ಬೇಗ ಒಡೆಯುತ್ತೆ" ಎಂದರು ಬದರಿನಾಥರು. ಸಾವಿರ ಜನಕ್ಕೆ ಕೈಯಾರೆ ಔಷಧಿ ಕೊಟ್ಟವನು, ನನ್ನ ಮಗುವಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಗೌರಿಯ ರಕ್ತ ಹೊಂದಿತು. ಸೀಸೆ ತುಂಬುವಾಗ ಅವಳು ಕಣ್ಣು ಮುಚ್ಚಲಿಲ್ಲ. ಅದೇ ಸೀಸೆಯನ್ನು ಚೂಡಿಯ ಮಂಚದ ಪಕ್ಕ ತಲೆಕೆಳಗಾಗಿ ತೂಗುಹಾಕಿದರು. ಒಂದೊಂದೇ ಹನಿ ಇಳಿಯುವುದನ್ನು ಸಂಜೆಯವರೆಗೂ ನೋಡುತ್ತ ಕೂತೆ. ನಾಲ್ಕು ಗಂಟೆಯ ಹೊತ್ತಿಗೆ ತುಟಿಗೆ ಬಣ್ಣ ಬಂತು.

ಆಪರೇಷನ್ ಮಾಡಿ ಎಂದು ಹೇಳಿದ್ದೇನೆ. ಸುಧಾರಿಸಿಕೊಳ್ಳಲು ಎರಡು ವಾರ ಬೇಕಂತೆ. ಯೋಚಿಸಿ ಹೇಳುತ್ತೇನೆ ಎಂದು ಬಂದಿದ್ದ ಆ ಹನ್ನೆರಡು ದಿನ ನನ್ನ ತಲೆಯ ಮೇಲಿದೆ.

೨ ಆಗಸ್ಟ್, ಭಾನುವಾರ. ಆಸ್ಪತ್ರೆ

ಔಷಧಿ ಕೊಡಲು ಹೋಗಲಿಲ್ಲ. ಜನ ಬಂದು ಕಾದಿರಬಹುದು. ಚೂಡಿ ಎರಡು ಇಡ್ಲಿ ತಿಂದಳು.

೬ ಆಗಸ್ಟ್, ಗುರುವಾರ. ಆಸ್ಪತ್ರೆ

ಮೂರು ಇಡ್ಲಿ.

೧೦ ಆಗಸ್ಟ್, ಸೋಮವಾರ. ಆಸ್ಪತ್ರೆ

ನಾಳೆ. ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿದೆ. "ಇದು ಹೊಸದೇನಲ್ಲ ಮೇಷ್ಟ್ರೇ, ಹೆದರ್ಬೇಡಿ. ಈ ರೋಗಕ್ಕೆ ಗುಲ್ಮ ತೆಗೆಯೋದು ನಲವತ್ತು ವರ್ಷದ ಮೇಲಿಂದ ನಡೀತಿದೆ. ನಮ್ಮ ತಂದೆ ಓದಿದ ಪುಸ್ತಕದಲ್ಲೇ ಇದೆ" ಎಂದರು ಬದರಿನಾಥರು. ಕೇಳಿ ಧೈರ್ಯ ಬಂತು.

ಚೂಡಿ, "ತೆಗೆದಿದ್ದನ್ನ ನನಗೆ ತೋರಿಸ್ತಾರಾ?" ಎಂದು ಕೇಳಿದಳು. ಗೌರಿ ಅವಳ ಜಡೆಯನ್ನು ಬಿಚ್ಚಿ ಬಿಚ್ಚಿ ಹೆಣೆದಳು.

೧೧ ಆಗಸ್ಟ್, ಮಂಗಳವಾರ. ಆಸ್ಪತ್ರೆ

ಒಂಬತ್ತಕ್ಕೆ ಒಳಗೆ ಕರೆದುಕೊಂಡು ಹೋದರು.

ಹತ್ತೂವರೆಗೆ ಹೊರಗೆ ಬಂದು ನೋಡಿದರೆ ಬೇವಿನ ಮರದ ಕೆಳಗೆ ಅಕ್ಕ ಕೂತಿದ್ದಾಳೆ. ಕತ್ರಿಗುಪ್ಪೆಯಿಂದ ಒಬ್ಬಳೇ ಕೇಳಿಕೊಂಡು ಕೇಳಿಕೊಂಡು ನಡೆದು ಬಂದಿದ್ದಾಳೆ. ಕಾಲೆಲ್ಲ ಕೆಂಪು ಧೂಳು. ಒಳಗೆ ಬಾ ಎಂದೆ. "ಇಲ್ಲೇ ಇರ್ತೀನಿ" ಎಂದಳು. ಗೌರಿ ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತಳು. ನಾನೂ ಕೂತೆ.

ಹನ್ನೆರಡೂಕಾಲಿಗೆ ಮುಗಿಯಿತು ಎಂದು ಹೇಳಿ ಕಳಿಸಿದರು. ನನಗೆ ಟ್ರೇಯಲ್ಲಿ ತೋರಿಸಿದರು. ಕಡುನೇರಳೆ ಬಣ್ಣ, ನನ್ನ ಅಂಗೈಗಿಂತ ದೊಡ್ಡದು. ಅಂಥದನ್ನು ಹೊತ್ತುಕೊಂಡು ಈ ಹುಡುಗಿ ಕುಂಟೆಬಿಲ್ಲೆ ಆಡುತ್ತಿದ್ದಳು.

ಸಂಜೆ ಎಚ್ಚರವಾಗಿ ಮೊದಲು ಕೇಳಿದ್ದು "ಅತ್ತೆ ಎಲ್ಲಿ?" ಎಂದು. ಹೋಗಿ ಹೇಳಿದೆ. ಅಕ್ಕ ಎದ್ದು, ಸೆರಗಿನಿಂದ ಕಾಲಿನ ಧೂಳು ಒರೆಸಿಕೊಂಡು, ಗೌರಿಯ ಭುಜ ಹಿಡಿದು ಮೆಟ್ಟಿಲು ಹತ್ತಿದಳು.

೩೦ ಆಗಸ್ಟ್, ಭಾನುವಾರ. ಕತ್ರಿಗುಪ್ಪೆ

ಮನೆಗೆ ಬಂದು ಮೂರು ದಿನವಾಯಿತು. ಹೊಲಿಗೆಯ ಗಾಯ ಒಣಗಿದೆ. ಚೂಡಿಯ ಕಣ್ಣು ಬೆಳ್ಳಗಾಗಿದೆ. ಈ ಹತ್ತು ವರ್ಷದಲ್ಲಿ ನಾನು ಅವಳ ಕಣ್ಣನ್ನು ಈ ಬಣ್ಣದಲ್ಲಿ ನೋಡಿಯೇ ಇರಲಿಲ್ಲ. ಊಟ ಮಾಡುವಾಗ, ಓದುವಾಗ, ಸುಮ್ಮನೆ ಕೂತಾಗ ನೋಡುತ್ತಲೇ ಇರುತ್ತೇನೆ. "ಏನಪ್ಪಾ?" ಎನ್ನುತ್ತಾಳೆ. ಏನಿಲ್ಲ ಎನ್ನುತ್ತೇನೆ.

ಬೆಳಿಗ್ಗೆ ಹತ್ತೊಂಬತ್ತು ಜನ ಬಂದಿದ್ದರು. ಯಾವಾಗಿನಿಂದ, ಜ್ವರ ಇದೆಯೇ, ಮನೆಯಲ್ಲಿ ಬೇರೆಯವರಿಗೂ ಇದೆಯೇ ಎಂದು ಕೇಳಿದೆ. ಮತ್ತೆ ಮತ್ತೆ ಹಳದಿ ಬರುತ್ತಿದ್ದ ಇಬ್ಬರು ಮಕ್ಕಳಿಗೆ ಸೊಪ್ಪು ಕೊಡದೆ ಬದರಿನಾಥರಿಗೆ ಚೀಟಿ ಬರೆದುಕೊಟ್ಟೆ. ಉಳಿದವರಿಗೂ ಮೊದಲು ಡಾಕ್ಟರಿಗೆ ತೋರಿಸಿ, ಪಥ್ಯ ಆಮೇಲೆ ಮಾಡಿ ಎಂದೆ. ನಾಲ್ಕು ಜನ ಗೊಣಗಿಕೊಂಡು ಎದ್ದು ಹೋದರು. ನೆಂಟನೊಬ್ಬನನ್ನು ಕರೆತಂದಿದ್ದ ತಿಮ್ಮರಾಯಪ್ಪ ಬೇಜಾರಾಗಿ, "ನೀವೇ ಹಿಂಗಂದ್ರೆ ಹೆಂಗೆ ಮೇಷ್ಟ್ರೇ? ನಮ್ಮ ಹಳದಿ ಎ‍ಳ್ಕೊಂಡಿದ್ದು ನೀವೇ ಅಲ್ವಾ?" ಎಂದ. "ಇಲ್ಲ ಕಣಪ್ಪ. ಇದು ನಮ್ಮದೇ" ಎಂದೆ.

ಜನ ಹೋದ ಮೇಲೆ ಅಕ್ಕ, "ಇವತ್ತು ಸೊಪ್ಪು ಅರೆದೋರು ಯಾರು ಗೊತ್ತಾ?" ಎಂದಳು. ನೋಡಿದರೆ ಗೌರಿಯ ಕೈ ಹಸಿರಾಗಿತ್ತು. ನಾನು ಗಮನಿಸಿಯೇ ಇರಲಿಲ್ಲ. ಮುಂದಿನ ವಾರ ಕಲ್ಲನ್ನು ನಾನು ತೊಳೆದುಕೊಡಬೇಕು, ಗೌರಿಗೆ ಸೊಂಟ ನೋವು.

೩ ಸೆಪ್ಟೆಂಬರ್, ಗುರುವಾರ

ಸಂಜೆ ಶಾಲೆಯಿಂದ ಬಂದಾಗ ಅಕ್ಕ ಜಗಲಿಯ ಮೇಲೆ ಚೂಡಿಯ ತಲೆ ಬಾಚುತ್ತಿದ್ದಳು. ಬಾಚಿ ಮುಗಿಸಿ, ಅವಳನ್ನು ಒಳಗೆ ಕಳಿಸಿ, ನನ್ನನ್ನು ಕೂರು ಎಂದಳು. ಬಹಳ ಹೊತ್ತು ಬಾಚಣಿಗೆಯಿಂದ ಕೂದಲು ಬಿಡಿಸುತ್ತಿದ್ದಳು.

"ನನ್ನ ಬೈರಣ್ಣಂಗೂ ಇದೇನಾ ಇದ್ದಿದ್ದು?"

"ಇದೇ ಇರ್ಬೇಕು ಅಕ್ಕ."

"ಹೊಟ್ಟೆ ಹಂಗೇ ಇತ್ತು ಅಲ್ವಾ? ಎಡಗಡೆಗೆ."

"ಹೂಂ."

"ಒಂದ್ ಮಾತು ಕೇಳ್ತೀನಿ, ನಿಜ ಹೇಳು. ನೀನು ಡಾಕ್ಟ್ರ ಜೊತೆ ಎಲ್ಲ ಮಾತಾಡಿದೀಯ." ಬಾಚಣಿಗೆಯನ್ನು ಕೆಳಗಿಟ್ಟಳು. "ಆವಾಗ್ಲೂ ಈ ಆಪರೇಷನ್ ಇತ್ತಾ? ಅವತ್ತು ಆ ಡಾಕ್ಟ್ರು ಬನ್ನಿ ಅಂದಾಗ ನಾನು ಅಪ್ಪನ ಮಾತು ಮೀರಿ ಎತ್ಕೊಂಡು ಹೋಗಿದ್ರೆ ಮಾಡ್ತಿದ್ರಾ?"

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಐವತ್ತೈದು. ದವಡೆ ಹಿಡಿದು ಬಾಯಿ ತೆರೆಸುತ್ತಿದ್ದ ಅದೇ ಕೈ ಮಡಿಲಲ್ಲಿತ್ತು.

"ಇರ್ಲಿಲ್ಲ ಅಕ್ಕ" ಎಂದೆ. "ಈಗೀಗ ಬಂದಿರೋದು. ಎತ್ಕೊಂಡು ಹೋಗಿದ್ರೂ ಅವರ ಕೈಲಿ ಏನೂ ಆಗ್ತಿರ್ಲಿಲ್ಲ. ನಾನೇ ಡಾಕ್ಟ್ರನ್ನ ಕೇಳ್ದೆ."

"ಕೇಳ್ದಾ?"

"ಕೇಳ್ದೆ."

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಪರೇಷನ್ ಬೇಡವೆಂದು ಅತ್ತ ದಿನದ ಹಾಗಲ್ಲ, ಮೆಲ್ಲಗೆ. ಆಮೇಲೆ, "ಇರ್ಲಿಲ್ಲ, ಬಿಡು" ಎಂದು ತನಗೇ ಹೇಳಿಕೊಂಡಳು. ಒಳಗೆ ಹೋಗಿ ಗೌರಿಯನ್ನು ಊಟಕ್ಕೆ ಏನು ಮಾಡಿದ್ದೀಯ ಎಂದು ಕೇಳಿದಳು. ಎರಡು ಮುದ್ದೆ ಉಂಡಳು.

ಇತ್ತು. ಆಗಲೂ ಇತ್ತು. ಅಕ್ಕನಿಗೆ ಓದು ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.